ಹ್ಯಾಂಕ್ ಎಂಬ ಸುಳ್ಳು ಪದ

ಹೋದ ತಿಂಗಳು ತಮ್ಮನ ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೋಗಿದ್ದೆ. ನೇಕಾರರ ಓಣಿಯ ತಿರುವು ದಾಟುತ್ತಿದ್ದಂತೆ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಓಣಿಯ ಉದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಎಳೆದು ಕಟ್ಟಿ, ಎರಡೂ ಬದಿಗೆ ಜನ ನಿಂತು ಗಂಜಿ ಹಚ್ಚುತ್ತಿದ್ದರು. ಅದು ಅನ್ನದ ವಾಸನೆಯೂ ಹೌದು, ಹೊಸ ಬಟ್ಟೆಯ ವಾಸನೆಯೂ ಹೌದು. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ, ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವುದನ್ನು ನನಗೆ ಕಲಿಸಿದ್ದು ಇದೇ ಓಣಿ. ನಿಂತಲ್ಲೇ ನಾಲ್ಕು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಆ ವರ್ಷ ಜೂನಿನಲ್ಲಿ ಬಾದಾಮಿಯಿಂದ ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲೊಂದಕ್ಕೆ ನನ್ನ ವರ್ಗವಾಗಿತ್ತು. ಅಲ್ಲಿ ಇದ್ದದ್ದು ಒಂದೇ ವರ್ಷ. ಆಗ ನನಗೆ ಇಂಗ್ಲಿಷಿನ ಸೊಕ್ಕಿತ್ತು, ಒಪ್ಪಿಕೊಳ್ಳುತ್ತೇನೆ. ಕಮತಗಿಯಲ್ಲಿ ನಮ್ಮ ಅಪ್ಪ ಮಾಸ್ತರರಾಗಿದ್ದವರು. ನಾವು ಊಟಕ್ಕೆ ಕೂತಾಗ ಒಂದು ಪದ ಹೇಳುತ್ತಿದ್ದರು. ಅದರ ಅರ್ಥ ಹೇಳಿದರಷ್ಟೇ ತುಪ್ಪ ಬಡಿಸುವಂತೆ ಅವ್ವನಿಗೆ ಸನ್ನೆ ಮಾಡುತ್ತಿದ್ದರು. ಹೀಗೆ ತುಪ್ಪದ ಆಸೆಗೆ ಕಲಿತ ಪದಗಳ ಮೇಲೆ ನನಗೆ ಸ್ವಂತ ಹೊಲದ ಮೇಲಿದ್ದಷ್ಟು ಅಭಿಮಾನ. ಯಾರಾದರೂ ತಪ್ಪು ಸ್ಪೆಲ್ಲಿಂಗ್ ಬರೆದರೆ ಬೆಳೆಯೊಳಗೆ ದನ ನುಗ್ಗಿದಂತೆ ಎದ್ದು ಓಡುತ್ತಿದ್ದೆ.

ಶಾಲೆಗೆ ಸೇರಿದ ಹದಿನೈದು ದಿನದಲ್ಲಿ ಒಂದು ವಿಚಿತ್ರ ಕಂಡಿತು. ಬಿಸಿಲು ಬಿದ್ದ ದಿನ ಒಂಬತ್ತನೇ ತರಗತಿಯ ಮೂರು ಬೆಂಚು ಖಾಲಿ, ಮೋಡ ಕವಿದ ದಿನ ಭರ್ತಿ. ಬೇರೆ ಊರಲ್ಲಿ ಮಳೆ ಬಂತೆಂದು ಶಾಲೆ ತಪ್ಪಿಸುತ್ತಾರೆ, ಇಲ್ಲಿ ಬಿಸಿಲು ಬಂತೆಂದು. ಯಾಕೆ ಎಂದು ಕೇಳಿದರೆ ಆ ಬೆಂಚಿನ ರೇಣುಕಾ ಎದ್ದು ನಿಂತಳು. ಸಣಕಲು ಹುಡುಗಿ, ಎರಡು ಜಡೆ, ಉಗುರಿನ ಸಂದಿಯಲ್ಲಿ ಸದಾ ಕೆಂಪು ಬಣ್ಣ.

"ಬಿಸಲಿದ್ರ ಓಣ್ಯಾಗ ಗಂಜಿ ಹಚ್ಚತಾರ್ರಿ ಟೀಚರ್, ನಾವೂ ನಿಂದರಬೇಕ್ರಿ. ಮ್ವಾಡಾ ಇದ್ರ ನೂಲು ಒಣಗಂಗಿಲ್ರಿ. ಆವಾಗ ಸಾಲಿಗೆ ಕಳಸ್ತಾರ್ರಿ."

ಅಂದಿನಿಂದ ಮುಂಜಾನೆ ಎದ್ದ ಕೂಡಲೇ ಆಕಾಶ ನೋಡುವ ಚಟ ನನಗೂ ಹತ್ತಿತು. ಮೋಡವಿದ್ದರೆ ಹೊಸ ಪಾಠ, ಬಿಸಿಲಿದ್ದರೆ ಹಳೆ ಪಾಠದ ಮೆಲುಕು.

ರೇಣುಕಾಳ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಕಂಡಲ್ಲಿ ಕಂಡ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದಳು. ಕೆಂಪು ಕಲ್ಲು ಹೇರಿಕೊಂಡು ಹೋಗುವ ಲಾರಿಯ ಹಿಂದಿನ ಬರಹ, ಸಿಮೆಂಟ್ ಚೀಲದ ಬರಹ, ಔಷಧಿ ಚೀಟಿಯ ಬರಹ. ಸಂಜೆ ಗಂಟೆ ಹೊಡೆದ ಮೇಲೆ ನನ್ನ ಮೇಜಿನ ಮುಂದೆ ನಿಂತು, "ಇದರ ಅರ್ಥ ಏನ್ರಿ?" ಎಂದು ಒಂದೊಂದಾಗಿ ಕೇಳುತ್ತಿದ್ದಳು. ಮನೆಗೆ ಹೋಗುವ ನನ್ನ ಬಸ್ಸು ಎಷ್ಟೋ ಸಲ ಹಾಗೆಯೇ ತಪ್ಪಿದ್ದುಂಟು.

ಶ್ರಾವಣದಲ್ಲಿ ಬಾಗಲಕೋಟೆಯಲ್ಲಿ ಇಂಗ್ಲಿಷ್ ಶಿಕ್ಷಕರ ಸಭೆ ಸೇರಿತು. ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ನಾವು ಒಂದಿಷ್ಟು ಜನ. ನಡೆಸುವವರು ದೇಸಾಯಿ ಸರ್, ಮಾತು ಮೆತ್ತಗೆ, ಕೆಲಸ ಕಟ್ಟುನಿಟ್ಟು. ಅವರು ಇಟ್ಟ ಪ್ರಶ್ನೆ ಇಷ್ಟೇ: ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೆ ಒಟ್ಟು ಎಷ್ಟು ಇಂಗ್ಲಿಷ್ ಪದ ಗೊತ್ತು? ಪರೀಕ್ಷೆಯ ಉತ್ತರವನ್ನು ಬಾಯಿಪಾಠ ಮಾಡಿ ಬರೆಯಬಹುದು, ಅದರಿಂದ ಪದಸಂಪತ್ತು ತಿಳಿಯುವುದಿಲ್ಲ. ಸಾವಿರಾರು ಪದ ಒಂದೊಂದಾಗಿ ಕೇಳುತ್ತ ಕೂತರೆ ಮಗು ಮದುವೆಯ ವಯಸ್ಸಿಗೆ ಬಂದಿರುತ್ತದೆ. ಆದ್ದರಿಂದ ದಿನಬಳಕೆಯ ಪದಗಳಿಂದ ಹಿಡಿದು ಅಪರೂಪದ ಪದಗಳವರೆಗೆ ನೂರನ್ನು ಆರಿಸುವುದೆಂದಾಯಿತು. ಅಡತಿ ಅಂಗಡಿಯಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಜೋಳ ತೆಗೆದು ಇಡೀ ಚೀಲದ ಗುಣ ಹೇಳುತ್ತಾರಲ್ಲ, ಹಾಗೆ. ಮಗು ತನಗೆ ಗೊತ್ತಿರುವ ಪದದ ಮುಂದೆ ಟಿಕ್ ಹಾಕಿದರೆ ಸಾಕು.

ಟಿಕ್ ಹಾಕು ಎಂದರೆ ನಮ್ಮ ಮಕ್ಕಳು ಕೈ ನೋಯುವವರೆಗೆ ಹಾಕುತ್ತಾರೆ. ಅದಕ್ಕೊಂದು ಉಪಾಯವಿತ್ತು. ನೂರು ಖರೆ ಪದಗಳ ನಡುವೆ ಇಪ್ಪತ್ತು ಸುಳ್ಳು ಪದ ಸೇರಿಸುವುದು. ನೋಡಲು ಇಂಗ್ಲಿಷ್, ಓದಲು ಇಂಗ್ಲಿಷ್, ಆದರೆ ಯಾವ ಭಾಷೆಯಲ್ಲೂ ಇಲ್ಲದ ಪದ. ಅದಕ್ಕೂ ಟಿಕ್ ಹಾಕಿದವರು ಊಹೆ ಹೊಡೆಯುತ್ತಿದ್ದಾರೆ ಎಂದರ್ಥ. ಅವರ ಲೆಕ್ಕದಲ್ಲಿ ಅಷ್ಟು ಕಳೆಯಬೇಕು. ಅಕ್ಕಪಕ್ಕದಲ್ಲಿ ಕೂತವರು ಒಂದೇ ಸುಳ್ಳಿಗೆ ಟಿಕ್ ಹಾಕಿದ್ದರೆ ಅದು ಕಾಪಿ, ಹಾಳೆಗಳನ್ನೇ ಬದಿಗಿಡಬೇಕು. ಪ್ರತಿ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಪದ ಬಲ್ಲ ಒಬ್ಬರಿಗೆ ದಸರಾ ರಜೆಯಲ್ಲಿ ಬಾದಾಮಿಯಲ್ಲಿ ಹತ್ತು ದಿನದ ಇಂಗ್ಲಿಷ್ ಶಿಬಿರ. ಈ ಸುದ್ದಿ ಹೇಳಿದ ದಿನದಿಂದ ರೇಣುಕಾ ದಿನಕ್ಕೆರಡು ಸಲ, "ಬಾದಾಮ್ಯಾಗ ಎಲ್ಲಾರೂ ಇಂಗ್ಲಿಷ್‌ನ್ಯಾಗ ಮಾತಾಡಬೇಕೇನ್ರಿ?" ಎಂದು ಕೇಳತೊಡಗಿದಳು.

ಸುಳ್ಳು ಪದ ಯಾರು ಹುಟ್ಟಿಸುತ್ತೀರಿ ಎಂದು ದೇಸಾಯಿ ಸರ್ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಖರೆ ಪದದ ಒಂದೆರಡು ಅಕ್ಷರ ಕೀಳುವುದು, ಇಲ್ಲವೇ ಬೇರೆ ಹಚ್ಚುವುದು, ಅಷ್ಟೇ ಕೆಲಸ. ಮಾರ್ಕೆಟ್‌ನಿಂದ ಮಾರೆಟ್, ಟ್ರೆಂಬಲ್‌ನಿಂದ ಟ್ರೆಂಬಿಟ್, ಬ್ಯಾಂಕಿನ ಬಿ ತೆಗೆದು ಎಚ್ ಹಚ್ಚಿ ಹ್ಯಾಂಕ್. ಚೀಲದಲ್ಲಿದ್ದ ಪುಟ್ಟ ನಿಘಂಟು ತಿರುವಿದೆ, ಒಂದೂ ಅದರಲ್ಲಿಲ್ಲ. ಇಪ್ಪತ್ತನ್ನೂ ಚಂದದ ಅಕ್ಷರದಲ್ಲಿ ಬರೆದು ಕೊಟ್ಟಾಗ, "ನಮಗ ಗೊತ್ತಿರಲಿಲ್ಲಂದ್ರ ನಾವೂ ಟಿಕ್ ಹಾಕ್ತಿದ್ವಿ ನೋಡ್ರಿ ಮೇಡಂ," ಎಂದರು ದೇಸಾಯಿ ಸರ್. ಬಾಗಲಕೋಟೆಯಿಂದ ಮನೆ ಮುಟ್ಟುವವರೆಗೆ ಬಸ್ಸಿನಲ್ಲಿ ಆ ಮಾತನ್ನೇ ಮೆಲುಕು ಹಾಕುತ್ತ ಬಂದೆ.

ಎಣಿಕೆಗೆ ಒಂದು ಮೋಡದ ದಿನವನ್ನೇ ಕಾದು ಆರಿಸಿದೆ. ಜಿಟಿಜಿಟಿ ಮಳೆ, ಒಳಗೆ ಮಬ್ಬು, ಮೂವತ್ತೆಂಟು ಹುಡುಗಿಯರಲ್ಲಿ ಒಬ್ಬಳೂ ತಪ್ಪಿಸಿರಲಿಲ್ಲ. ನೇಕಾರ ಓಣಿಯವರು ಯಾವಾಗಿನಂತೆ ಒಟ್ಟಿಗೆ ಬಂದು ತಮ್ಮ ಮೂರು ಬೆಂಚಿನಲ್ಲಿ ಕೂತರು. ಅರ್ಧ ಗಂಟೆಯಲ್ಲಿ ಮುಗಿಯಿತು. ಹಾಳೆಗಳನ್ನು ಹುಡುಗಿಯರು ಕೂತ ಸಾಲಿನ ಕ್ರಮದಲ್ಲೇ ಕಟ್ಟಿ ಬಾಗಲಕೋಟೆಗೆ ಕಳಿಸಿದೆ. ಒಂದು ಶಾಲೆಯ ಹಾಳೆಯನ್ನು ಬೇರೆಯವರೇ ತಿದ್ದಬೇಕೆಂಬುದು ನಿಯಮ.

ವಾರದ ಮೇಲೆ ದೇಸಾಯಿ ಸರ್ ಫೋನು ಬಂತು.

"ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಸಾಲ್ಯಾಗ ಹನ್ನೊಂದು ಹುಡುಗ್ಯಾರು ಒಂದ ಸುಳ್ಳಿಗೆ ಟಿಕ್ ಹಾಕ್ಯಾರ. ಎಲ್ಲಾರೂ ಬಾಜೂ ಬಾಜೂ ಕೂತವ್ರ ಇದ್ದಾರ."

"ಯಾವ ಸುಳ್ಳು ಸರ್?"

"ಹ್ಯಾಂಕ್. ಇನ್ನ ಹತ್ತೊಂಬತ್ತರಾಗ ಯಾರೂ ಹೆಚ್ಚು ಸಿಕ್ಕಿಲ್ಲ. ಅದಕ್ಕ ಕಾಪಿ ಅನ್ನೂದು ಪಕ್ಕಾ ಆಗ್ತದ. ರೇಣುಕಾ ಅಂತ ಒಬ್ಬಾಕಿದು ಎಲ್ಲಾರಕಿಂತ ಹೆಚ್ಚಿತ್ತು. ಆದ್ರ ಆ ಹಾಳಿನೂ ಬಾಜೂಕ ಇಡಬೇಕಾಗ್ತದ."

ಸಿಟ್ಟು ನೆತ್ತಿಗೇರಿತು. ಮರುದಿನ ತರಗತಿಗೆ ಹೋದವಳೇ ಹಾಜರಿಯನ್ನೂ ಕರೆಯದೆ, ಹ್ಯಾಂಕ್ ಪದಕ್ಕೆ ಟಿಕ್ ಹಾಕಿದವರು ನಿಂತುಕೊಳ್ಳಿ ಎಂದೆ. ಹನ್ನೊಂದೂ ಜನ ತಡಮಾಡದೆ ನಿಂತರು. ಕಾಪಿ ಹೊಡೆದವರು ಅಷ್ಟು ಬೇಗ ನಿಲ್ಲುವುದಿಲ್ಲ; ನನಗೆ ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

"ಯಾರದು ನೋಡಿ ಯಾರು ಹಾಕಿದ್ರಿ?"

ರೇಣುಕಾ ಬಾಯಿ ತೆರೆದಳು. "ಯಾರೂ ಯಾರದೂ ನೋಡಿಲ್ರಿ ಟೀಚರ್. ಆ ಶಬ್ದ ಐತ್ರಿ."

"ಎಲ್ಲೆದ?"

"ನಮ್ಮನ್ಯಾಗ ಐತ್ರಿ."

ಇಡೀ ತರಗತಿ ಗೊಳ್ಳೆಂದಿತು. ನಾನೂ ನಕ್ಕೆ, ಚುಚ್ಚುವ ನಗೆ. "ಮನ್ಯಾಗ ಇರ್ಲಿಕ್ಕೆ ಅದೇನು ಬೆಕ್ಕೇನ? ಕೇಳಿಲ್ಲಿ, ಅಂಥಾ ಶಬ್ದ ಎಲ್ಲೂ ಇಲ್ಲ. ಯಾಕಂದ್ರ ಅದನ್ನ ಹುಟ್ಟಿಸಿದಾಕಿ ನಾನ."

ಅವಳು ನನ್ನನ್ನೇ ನೋಡಿದಳು. ಉದ್ದನೆಯ ನೋಟ್‌ಬುಕ್ಕನ್ನು ಚೀಲದೊಳಗೆ ಇಟ್ಟು ಕೂತಳು. ಸಂಜೆ ನನ್ನ ಮೇಜಿನ ಮುಂದೆ ಯಾರೂ ನಿಲ್ಲಲಿಲ್ಲ, ನನ್ನ ಬಸ್ಸು ಸರಿಯಾದ ವೇಳೆಗೆ ಸಿಕ್ಕಿತು.

ಮುಂದಿನ ಮೂರು ದಿನ ಆಕಾಶದ ತುಂಬ ಮೋಡ. ಬೆಂಚುಗಳು ಭರ್ತಿ ಇರಬೇಕಾದ ದಿನಗಳು. ಆದರೆ ರೇಣುಕಾಳ ಜಾಗ ಖಾಲಿ. ಇದು ಗಂಜಿಯ ರಜೆ ಅಲ್ಲ ಎಂದು ನನಗೆ ತಿಳಿಯಿತು. ಮೂರನೇ ದಿನ ಸಂಜೆ ಓಣಿ ಹುಡುಕಿಕೊಂಡು ಅವರ ಮನೆಗೆ ಹೋದೆ.

ಬಾಗಿಲು ತೆರೆದೇ ಇತ್ತು. ಒಳಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಹೆಂಗಸು ನೇಯುತ್ತಿದ್ದಳು. ರೇಣುಕಾಳ ತಾಯಿ ಶಾಂತವ್ವ. ಮೂಲೆಯಲ್ಲಿ ಮಗಳು ನನಗೆ ಬೆನ್ನು ಮಾಡಿ ರಾಟಿ ತಿರುಗಿಸುತ್ತ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುತ್ತಿದ್ದೆ. ಶಾಂತವ್ವ ತಲೆ ಎತ್ತದೆ ಮಗಳಿಗೆ ಹೇಳಿದಳು:

"ರೇಣಾ, ಆ ಹ್ಯಾಂಕ್ ಮುಗೀತೇನ? ಇನ್ನೊಂದು ಹ್ಯಾಂಕ್ ಹಾಕ್ಕೊ."

ನಾನು ಒಂದೇ ಚಪ್ಪಲಿಯಲ್ಲಿ ಹೊಸ್ತಿಲ ಮೇಲೆ ನಿಂತುಬಿಟ್ಟೆ. "ಏನಂದ್ರಿ?" ಎಂದೆ.

ಶಾಂತವ್ವ ಗಾಬರಿಯಾಗಿ ಸೆರಗು ಸರಿ ಮಾಡಿಕೊಂಡಳು. "ಅಯ್ಯ, ಅಕ್ಕಾರು! ಬರ್ರಿ ಒಳಗ. ಏನಿಲ್ರಿ, ನೂಲಿನ ಸುರುಳಿಗಂದ್ನಿರಿ. ಹಳೇ ಮಂದಿ ಲಡಿ ಅಂತಾರ್ರಿ. ನೇಕಾರರ ಸಂಘದಾಗ ನೂಲು ಕೊಡೂಮುಂದ ಹ್ಯಾಂಕ್ ಅಂತಾರ್ರಿ. ಕೇಳಿ ಕೇಳಿ ನಾವೂ ಹಂಗ ಅಂತೀವ್ರಿ."

ರೇಣುಕಾ ಎದ್ದು ಗೋಡೆಯ ಗೂಡಿನಿಂದ ತನ್ನ ನೋಟ್‌ಬುಕ್ ತಂದಳು. ನೂಲಿನ ಗಂಟಿಗೆ ಅಂಟಿಸಿ ಬರುವ ಕಾಗದವನ್ನು ಕಿತ್ತು ಒಂದು ಪುಟದಲ್ಲಿ ಹಚ್ಚಿದ್ದಳು. ಅದರ ಮೇಲೆ ಬೆರಳಿಟ್ಟು ಓದಿದಳು. "ಎಚ್, ಎ, ಎನ್, ಕೆ. ಇಲ್ಲೈತ್ರಿ ಟೀಚರ್." ದನಿಯಲ್ಲಿ ಗೆದ್ದೆ ಎಂಬ ಜಂಬ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಹಣ್ಣು ಮಾಡಿತು. ಆ ಮೂರು ಬೆಂಚಿನ ಹನ್ನೊಂದೂ ಹುಡುಗಿಯರು ಶಾಲೆ ಬಿಟ್ಟ ಮೇಲೆ ಮಾಡುವ ಕೆಲಸ ಇದೇ. ದಿನಾ ಕೈಯಲ್ಲಿ ಹಿಡಿಯುವ ವಸ್ತುವಿನ ಹೆಸರನ್ನು ನೋಡಿ ಬರೆಯುವ ಗರಜು ಅವರಿಗೇನಿತ್ತು?

ಚಹಾ ಕೊಡುತ್ತ ಶಾಂತವ್ವ ಕೇಳಿದಳು, "ನನ್ನ ಮಗಳು ಕಾಪಿ ಹೊಡದಾಳಂತ ಓಣಿ ತುಂಬ ಮಾತಾಗೈತ್ರಿ ಅಕ್ಕಾರ. ಖರೇನ್ರಿ? ನಾವು ಒಬ್ಬರ ಮನಿ ನೂಲಿನ ಎಳೀನೂ ಮುಟ್ಟಿದವರಲ್ರಿ."

"ಸುಳ್ಳು," ಎಂದೆ. "ಸುಳ್ಳು ಹೇಳಿದಾಕಿ ನಾನು, ಶಾಂತವ್ವ." ಆ ಮಾತು ಹೇಳಲು ನನಗೆ ಒಂದು ಲೋಟ ಚಹಾದಷ್ಟು ಹೊತ್ತು ಬೇಕಾಯಿತು.

ಅಲ್ಲೇ ಕೂತು ಫೋನಿನಲ್ಲಿ ಹುಡುಕಿದೆ. ಮೊದಲು ಹ್ಯಾಂಕ್ ಎಂಬ ಹೆಸರಿನ ಯಾರೋ ಪರದೇಶದ ಗಂಡಸರ ಮುಖಗಳು ಬಂದವು, ಆಮೇಲೆ ಅರ್ಥ. ಫೋನು ಹೇಳಿದ್ದನ್ನೆಲ್ಲ ನಂಬಬೇಡಿ ಎಂದು ಮಕ್ಕಳಿಗೆ ಹೇಳುವವಳು ನಾನೇ. ಅದಕ್ಕೆ ರವಿವಾರ ಕಮತಗಿಗೆ ಹೋಗಿ ಅಪ್ಪನ ದಪ್ಪ ನಿಘಂಟನ್ನು ಇಳಿಸಿದೆ. ಅಪ್ಪ ಭೂತಗನ್ನಡಿ ಹಿಡಿದು ಓದಿದರು: ನೂಲಿನ ಸುರುಳಿ, ಲಡಿ. ವಿಷಯ ಕೇಳಿ ಎಂಬತ್ತೆರಡರ ಮುದುಕ ಕೆಮ್ಮು ಬರುವವರೆಗೆ ನಕ್ಕರು.

"ಬ್ಯಾಂಕಿಗೆ ಹ ಹಚ್ಚಿ ಹೊಸಾ ಶಬ್ದ ಮಾಡಿದ್ಯೇನವಾ! ನಿನಗಿಂತ ಮೊದಲ ಯಾರೋ ಮಾಡಿಟ್ಟಾರ. ಇವತ್ತು ನಿನಗ ತುಪ್ಪ ಇಲ್ಲ."

ಮರುವಾರದ ಬಾಗಲಕೋಟೆ ಸಭೆಗೆ ಆ ನಿಘಂಟನ್ನು ಒಂದು ಕಂಕುಳಲ್ಲಿ, ಶಾಂತವ್ವನಿಂದ ಕಡ ತಂದ ಕೆಂಪು ನೂಲಿನ ಹ್ಯಾಂಕನ್ನು ಚೀಲದಲ್ಲಿ ಇಟ್ಟುಕೊಂಡು ಹೋದೆ. ನಮ್ಮ ಶಾಲೆಯ ಸರದಿ ಬಂದಾಗ ಎದ್ದು ನಿಂತೆ. ಇಷ್ಟು ವರ್ಷ ಇನ್ನೊಬ್ಬರ ತಪ್ಪಿಗೆ ಕೆಂಪು ಗೀಟು ಎಳೆದವಳು ನಾನು. ನೂಲನ್ನು ಮೇಜಿನ ಮೇಲೆ ಇಟ್ಟು ಹೇಳಿದೆ:

"ಇದರ ಹೆಸರು ಹ್ಯಾಂಕ್. ಹುಡುಗ್ಯಾರು ಕಾಪಿ ಮಾಡಿಲ್ಲ. ಅವರಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ದೇಸಾಯಿ ಸರ್ ನಿಘಂಟಿನ ಪುಟ ಓದಿದರು, ನೂಲನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದರು, ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು.

"ಹಂಗಾದ್ರ ಮೇಡಂ, ಉಳಿದ ಹತ್ತೊಂಬತ್ತರ ಖರೇನ ಸುಳ್ಳು ಅವನೋ?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊಟದ ಹೊತ್ತಿನವರೆಗೆ ಕೂತು ಹತ್ತೊಂಬತ್ತನ್ನೂ ಅದೇ ನಿಘಂಟಿನಲ್ಲಿ ಹುಡುಕಿದೆವು. ಎಲ್ಲವೂ ಶುದ್ಧ ಸುಳ್ಳು, ಅಷ್ಟರಮಟ್ಟಿಗೆ ನನ್ನ ಮಾನ ಉಳಿಯಿತು. ಹ್ಯಾಂಕ್ ಸುಳ್ಳಿನ ಪಟ್ಟಿಯಿಂದ ಖರೆ ಪಟ್ಟಿಗೆ ಬಂತು. ಬದಿಗಿಟ್ಟ ಹನ್ನೊಂದು ಹಾಳೆಗಳನ್ನು ಮರಳಿ ಸೇರಿಸಿ, ಒಂದು ಕಳೆಯುವ ಬದಲು ಒಂದು ಕೂಡಿಸಿದರು. ರೇಣುಕಾಳ ಹೆಸರು ಶಿಬಿರದ ಯಾದಿಯಲ್ಲಿ ಎಲ್ಲರಿಗಿಂತ ಮೇಲೆ ಹೋಯಿತು.

ಹೊರಡುವಾಗ ದೇಸಾಯಿ ಸರ್ ನನ್ನ ಜೊತೆ ಗೇಟಿನವರೆಗೆ ಬಂದರು. "ಮೇಡಂ, ನಾ ವಿಚಾರ ಮಾಡಾಕತ್ತೀನಿ. ಕಲಾದಗಿ ಹುಡುಗರಿಗೆ ತ್ವಾಟದಾಗ ಕಸಿ ಕಟ್ಟೂ ಗ್ರಾಫ್ಟ್ ಗೊತ್ತಿರ್ತದ. ಐಹೊಳಿ ಹುಡುಗರಿಗೆ ಗೈಡ್‌ಗಳ ಬಾಯಾಗಿನ ಪಿಲ್ಲರ್ ಗೊತ್ತಿರ್ತದ. ನಾವು ಕೇಳಿದ್ದು ನಮಗ ಗೊತ್ತಿದ್ದ ಶಬ್ದ ಅಷ್ಟ. ಅವರಿಗೆ ಗೊತ್ತಿದ್ದದ್ದು ಎಲ್ಲಿ ಕೇಳಿದ್ವಿ?" ಅವತ್ತು ಬಸ್ಸಿನಲ್ಲಿ ಮೆಲುಕು ಹಾಕಲು ಈ ಮಾತು ಸಿಕ್ಕಿತು, ಮೊದಲಿನದಕ್ಕಿಂತ ಬಹಳ ರುಚಿಯಾಗಿತ್ತು.

ಮರುದಿನ ಹನ್ನೊಂದೂ ಜನರನ್ನು ಮತ್ತೆ ನಿಲ್ಲಿಸಿದೆ. ಈ ಸಲ ನಾನೂ ಅವರ ಬೆಂಚಿನ ಹತ್ತಿರ ಹೋಗಿ ನಿಂತು, ತಪ್ಪು ನನ್ನದು, ಮನ್ನಿಸಿರಿ ಎಂದೆ. ರೇಣುಕಾ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

"ಟೀಚರ್, ಹಂಗಾದ್ರ ನೀವೂ ನಮ್ಮಂಗ ಈ ಪಟ್ಟಿಗೆ ಟಿಕ್ ಹಾಕಿದ್ರ ನಿಮಗ ಒಂದು ಶಬ್ದ ಕಮ್ಮಿ ಬರ್ತಿತ್ತಲ್ರಿ?"

ಹುಡುಗಿಯರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ಮೊದಲು ನಕ್ಕವಳು ನಾನು. ಅಷ್ಟು ಹೆಮ್ಮೆ ನನಗೆ ನನ್ನ ಡಿಗ್ರಿ ಬಂದ ದಿನವೂ ಆಗಿರಲಿಲ್ಲ. ನಾನು ಕಲಿಸಿದ ಹುಡುಗಿ ನನ್ನ ಲೆಕ್ಕವನ್ನೇ ತಿದ್ದಿದ್ದಳು. ಅಂದು ಸಂಜೆ ನನ್ನ ಬಸ್ಸು ಮತ್ತೆ ತಪ್ಪಿತು.

ಕಡ ತಂದ ಹ್ಯಾಂಕ್ ಮುಟ್ಟಿಸಲು, ಶಿಬಿರದ ಸುದ್ದಿ ಹೇಳಲು ಶಾಂತವ್ವನ ಮನೆಗೆ ಹೋದೆ. ಸುದ್ದಿ ಕೇಳಿ ಅವಳು ಮಗಳ ನೆತ್ತಿ ಸವರಿದಳು, ಕಣ್ಣು ಒರೆಸಿಕೊಂಡಳು. ಆಮೇಲೆ ಲಾಳಿ ಎಸೆಯುತ್ತ ಕೇಳಿದಳು, "ಈ ಶಬ್ದ ಎಣಿಸೂದು ಹ್ಯಾಂಗ್ರಿ ಅಕ್ಕಾರ? ಎಷ್ಟನೇ ಕೌಂಟ್ ಅಂತ ಹೇಳ್ತೀರೇನ್ರಿ?" ನೂಲಿಗೆ ಕೌಂಟ್ ಇರುತ್ತದಂತೆ. ಅಂಕಿ ಏರಿದಷ್ಟೂ ನೂಲು ಸಣ್ಣ, ನಯ. ನಮ್ಮ ಎಣಿಕೆಯಲ್ಲಿ ಪದ ಎಷ್ಟು ಎಂಬುದಷ್ಟೇ ಗೊತ್ತಾಗುತ್ತದೆ, ಎಷ್ಟು ನಯವಾಗಿ ಗೊತ್ತಿದೆ ಎಂಬುದು ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಂಡೆ.

"ನನಗೂ ಕೇಳ್ರಿ ನೋಡೂಣು," ಎಂದಳು. "ಇಂಗ್ಲಿಷ್ ಒಂದಕ್ಷರ ಬರಂಗಿಲ್ರಿ ನನಗ. ನಗಬ್ಯಾಡ್ರಿ ಮತ್ತ."

ಚೀಲದಲ್ಲಿ ಪಟ್ಟಿ ಇತ್ತು. ನಾನು ಒಂದೊಂದೇ ಪದ ಓದಿದೆ, ಅವಳು ನೇಯುತ್ತಲೇ ಹೌದು, ಇಲ್ಲ ಎನ್ನುತ್ತ ಹೋದಳು. ಹೌದೆಂದರೆ ಅರ್ಥವನ್ನೂ ಹೇಳಬೇಕು. ಬಾರ್ಡರ್ ಹೌದು, ಸ್ಯಾಂಪಲ್ ಹೌದು, ಆರ್ಡರ್ ಹೌದು. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸಿಗೆ ಇಪ್ಪತ್ತಮೂರು ಪದ ಗೊತ್ತಿದ್ದವು. ನನ್ನ ಸುಳ್ಳುಗಳಲ್ಲಿ ಮೂರಕ್ಕೆ ಮಾತ್ರ, "ಕೇಳಿದಂಗ ಆಗ್ತತ್ರಿ," ಎಂದು ಸಿಕ್ಕಿಬಿದ್ದಳು. ಅದನ್ನು ಹೇಳಿದಾಗ ನಾಚಿ ನಕ್ಕು, "ಇರ್ಲಿ, ಇನ್ನೊಮ್ಮೆ ನೋಡ್ಕೊಂತೇನಿ ನಿಮ್ಮನ್ನ," ಎಂದಳು.

ಹೋದ ತಿಂಗಳು ಗಂಜಿಯ ವಾಸನೆ ಹಿಡಿದು ನಾನು ಹೋಗಿ ನಿಂತದ್ದು ಅದೇ ಹೊಸ್ತಿಲಲ್ಲಿ. ಶಾಂತವ್ವನ ಕೂದಲು ಬೆಳ್ಳಗಾಗಿದೆ, ಕಾಲು ಅದೇ ಕುಣಿಯಲ್ಲಿ. ರೇಣುಕಾ ಈಗ ಬಾಗಲಕೋಟೆಯಲ್ಲಿ ಡಿಗ್ರಿ ಮೊದಲ ವರ್ಷ, ಇಂಗ್ಲಿಷನ್ನೇ ಆರಿಸಿಕೊಂಡಿದ್ದಾಳೆ. ಗೋಡೆಯ ಗೂಡಿನಲ್ಲಿ ಆ ಉದ್ದನೆಯ ನೋಟ್‌ಬುಕ್ಕಿನ ಪಕ್ಕ ಇನ್ನೂ ನಾಲ್ಕು ನೋಟ್‌ಬುಕ್ಕುಗಳಿದ್ದವು. ಸೂಟಿಯಲ್ಲಿ ಮನೆಗೆ ಬಂದಾಗ ಮಗಳು ದಿನಾ ಎರಡೆರಡು ಪದ ಅವ್ವನಿಗೆ ಒಪ್ಪಿಸುತ್ತಾಳಂತೆ.

ಸೀರೆ ಆರಿಸಿ ಮುಗಿಯಿತು. ಕೆಂಪು ಸೆರಗಿನದು, ಅವಳೇ ನೇಯ್ದದ್ದು. ಏಳಬೇಕೆಂದರೆ ಶಾಂತವ್ವ ಬಿಡಲಿಲ್ಲ.

"ಕೂಡ್ರಿ ಅಕ್ಕಾರ. ಆವಾಗ ಇಪ್ಪತ್ತಮೂರು ಅಂದಿದ್ರಿ. ಮತ್ತೊಮ್ಮೆ ಕೇಳ್ರಿ."

ಪಟ್ಟಿ ನನ್ನ ಹತ್ತಿರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಪದಗಳು ನನಗೆ ಬಾಯಿಪಾಠ. ಹೊಸ್ತಿಲ ಮೇಲೆ ಕೂತು ಶುರು ಮಾಡಿದೆ. ಅವಳು ಲಾಳಿ ಎಸೆಯುತ್ತ ಅರ್ಥ ಹೇಳುತ್ತ ಹೋದಳು. ಇಪ್ಪತ್ತಮೂರು ದಾಟಿತು, ಮೂವತ್ತು ದಾಟಿತು. ಆದರೂ ಪರೀಕ್ಷೆ ಪರೀಕ್ಷೆಯೇ ಎಂದು ನಡುವೆ ಒಂದನ್ನು ತೂರಿಸಿದೆ.

"ಟ್ರೆಂಬಿಟ್."

ಲಾಳಿ ನಿಂತಿತು. ಶಾಂತವ್ವ ನನ್ನ ಮುಖ ನೋಡಿದಳು, ರೇಷ್ಮೆಗೆ ಬೇರೆ ನೂಲು ಬೆರೆಸಿದ್ದನ್ನು ಬೆರಳಲ್ಲಿ ಹಿಡಿಯುವಾಗ ನೋಡುವಂತೆ.

"ಅಕ್ಕಾರ, ಇದು ಎಲ್ಲೂ ಇಲ್ರಿ," ಎಂದಳು. "ಇದನ್ನ ನೀವ ನೇಯ್ದೀರಿ."